ರ‍್ಯಾಂಕ್ ಪಟ್ಟಿಯ ಕೊನೆಯ ಸಾಲುಗಳಲ್ಲಿ ಏನು ಬರೆಯಬೇಕು?

ಹಾವೇರಿ ಡಾಕ್ಟರ್:
ಎಲ್ಲರಿಗೂ ನಮಸ್ಕಾರ. ನಮ್ಮ ರಾಜ್ಯದ ಸರ್ಕಾರಿ ಕಾಲೇಜಿನಲ್ಲಿ ಎಂಬಿಬಿಎಸ್ ಮುಗಿಸಿ, ಎರಡು ವರ್ಷದಿಂದ ಅಮೆರಿಕದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಜನರಲ್ ಸರ್ಜರಿ ರೆಸಿಡೆನ್ಸಿಗೆ, ಅಂದರೆ ಅಲ್ಲಿನ ಶಸ್ತ್ರಚಿಕಿತ್ಸಾ ತರಬೇತಿಗೆ, ಈ ಸಲ ಐದು ಸಂದರ್ಶನ ಸಿಕ್ಕವು. ಈಗ ಆ ಆಸ್ಪತ್ರೆಗಳನ್ನು ನನ್ನ ಇಷ್ಟದ ಕ್ರಮದಲ್ಲಿ ಬರೆದು ರ‍್ಯಾಂಕ್ ಪಟ್ಟಿ ಸಲ್ಲಿಸಬೇಕು. ಮೂರು ಕ್ಯಾಟಗಾರಿಕಲ್, ಅಂದರೆ ಐದು ವರ್ಷದ ಪೂರ್ಣ ಸೀಟು. ಎರಡು ಪ್ರಿಲಿಮಿನರಿ, ಅಂದರೆ ಒಂದೇ ವರ್ಷದ್ದು, ಆಮೇಲಿನದಕ್ಕೆ ಯಾರ ಭರವಸೆಯೂ ಇಲ್ಲ. ಕ್ಯಾಟಗಾರಿಕಲ್‌ಗಳಲ್ಲಿ ಒಂದು ಹೆಸರಾಂತ ವಿಶ್ವವಿದ್ಯಾಲಯದ್ದು, ಉಳಿದೆರಡು ಕಮ್ಯುನಿಟಿ ಆಸ್ಪತ್ರೆಗಳದ್ದು, ಅಂದರೆ ಊರಿನ ಸಾಮಾನ್ಯ ಆಸ್ಪತ್ರೆಗಳದ್ದು. ಅವುಗಳಲ್ಲಿ ಒಂದರ ನಿರ್ದೇಶಕರು ‘ನಮ್ಮ ಪಟ್ಟಿಯಲ್ಲಿ ನೀವು ಮೇಲಿದ್ದೀರಿ’ ಎಂದು ಇಮೇಲ್ ಬರೆದಿದ್ದಾರೆ. ವಿಶ್ವವಿದ್ಯಾಲಯವನ್ನು ಮೊದಲು ಬರೆದು, ಅದೂ ಸಿಗದೆ ಇದೂ ಕೈತಪ್ಪಿದರೆ ಎಂಬ ಭಯ. ಹಾಗಾಗಿ ಇಮೇಲ್ ಬಂದದ್ದು ಮೊದಲು, ವಿಶ್ವವಿದ್ಯಾಲಯ ಎರಡನೆಯದು, ಇನ್ನೊಂದು ಕಮ್ಯುನಿಟಿ ಮೂರನೆಯದು, ಕೊನೆಗೆ ಎರಡೂ ಪ್ರಿಲಿಮ್ ಎಂದು ಯೋಚಿಸಿದ್ದೇನೆ. ಪಟ್ಟಿ ಸಲ್ಲಿಸಲು ಉಳಿದಿರುವುದು ಒಂಬತ್ತು ದಿನ. ಸರಿಯೇ?

ಮಿಶಿಗನ್ ನಾಲ್ಕನೇ ವರ್ಷ:
ಆ ಭಯವನ್ನು ಮೊದಲು ತೆಗೆದುಹಾಕಿ. ಅಭ್ಯರ್ಥಿಗಳ ಪಟ್ಟಿ, ಆಸ್ಪತ್ರೆಗಳ ಪಟ್ಟಿ ಎರಡನ್ನೂ ಹೊಂದಿಸಿ ಸೀಟು ಹಂಚುವುದಕ್ಕೆ ಮ್ಯಾಚ್ ಎನ್ನುತ್ತಾರೆ. 1998ರಿಂದ ಬಳಕೆಯಲ್ಲಿರುವ ಅದರ ಲೆಕ್ಕಾಚಾರ ಅಭ್ಯರ್ಥಿಯ ಪಟ್ಟಿಯಿಂದಲೇ ಶುರುವಾಗುತ್ತದೆ. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಯಂತ್ರ ನಿಮ್ಮ ಮೊದಲ ಆಯ್ಕೆಯ ಬಾಗಿಲು ತಟ್ಟುತ್ತದೆ. ಅಲ್ಲಿ ಜಾಗವಿಲ್ಲದಿದ್ದರೆ ಎರಡನೆಯದಕ್ಕೆ ಹೋಗುತ್ತದೆ. ಅಲ್ಲಿ ಬೇರೊಬ್ಬರು ತಾತ್ಕಾಲಿಕವಾಗಿ ಕುಳಿತಿದ್ದು, ಆ ಆಸ್ಪತ್ರೆ ನಿಮ್ಮನ್ನೇ ಹೆಚ್ಚು ಬಯಸಿದ್ದರೆ ಅವರನ್ನು ಎಬ್ಬಿಸಿ ನಿಮ್ಮನ್ನು ಕೂರಿಸುತ್ತದೆ. ತಡವಾಗಿ ಬಂದಿರಿ ಎಂದು ನಿಮಗೆ ಯಾವ ನಷ್ಟವೂ ಇಲ್ಲ. ವಿಶ್ವವಿದ್ಯಾಲಯವನ್ನು ಮೇಲೆ ಬರೆದ ಮಾತ್ರಕ್ಕೆ ಕಮ್ಯುನಿಟಿ ಸೀಟು ತಪ್ಪುವುದಿಲ್ಲ.

ಆ ಇಮೇಲ್ ನಂಬಿ ಪಟ್ಟಿ ತಿರುಗಿಸಬೇಡಿ. ಅಂಥ ಮಾತು ಯಾರನ್ನೂ ಕಟ್ಟಿಹಾಕುವುದಿಲ್ಲ. ನನಗೂ ಅಂಥದೇ ಒಂದು ಬಂದಿತ್ತು, ಆ ಸೀಟು ಸಿಗಲಿಲ್ಲ. ಇನ್ನೊಂದು ಮಾತು: ನಮ್ಮ ಕೆಇಎಯಲ್ಲಿ ಸೀಟು ಬಂದ ಮೇಲೆ ‘ಚಾಯ್ಸ್ 2’ ಒತ್ತಿ, ಅದನ್ನು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗಬಹುದಿತ್ತು. ಇಲ್ಲಿ ಹಂಚಿಕೆ ಒಂದೇ ಸಲ. ಸಿಕ್ಕಿದ್ದನ್ನು ಒಪ್ಪಲೇಬೇಕು. ಹೋಗಲು ಮನಸ್ಸಿಲ್ಲದ ಕಡೆಯ ಹೆಸರನ್ನು ಬರೆಯಲೇಬೇಡಿ.

ಶಸ್ತ್ರವೈದ್ಯೆ, ಓಹಾಯೋ:
ಲೆಕ್ಕಾಚಾರ ಸರಿ. ಆದರೆ ಮನಸ್ಸಿಗೆ ಬಂದ ಕ್ರಮದಲ್ಲಿ ಬರೆ ಎಂದರೆ ಮನಸ್ಸಿಗೆ ಯಾವುದು ಬರಬೇಕು ಎಂಬುದೇ ಇಲ್ಲಿನ ಪ್ರಶ್ನೆ. ಐದು ವರ್ಷ ಮುಗಿಯುವಾಗ ಕನಿಷ್ಠ 850 ದೊಡ್ಡ ಶಸ್ತ್ರಚಿಕಿತ್ಸೆ ಲೆಕ್ಕಕ್ಕೆ ಸಿಗಬೇಕು, ಅದರಲ್ಲಿ 200 ಚೀಫ್ ವರ್ಷದಲ್ಲಿ, ಅಂದರೆ ಕೊನೆಯ ವರ್ಷದಲ್ಲಿ. ಆ ಗಡಿಯನ್ನು ಎಲ್ಲರೂ ದಾಟುತ್ತಾರೆ. ಕತ್ತರಿ ಯಾರ ಕೈಯಲ್ಲಿತ್ತು ಎಂಬುದನ್ನು ಕೇಳಿ ತಿಳಿಯಬೇಕು, ತಮ್ಮ. ಹೆಸರಾಂತ ಜಾಗದಲ್ಲಿ ಫೆಲೋಗಳು, ಅಂದರೆ ರೆಸಿಡೆನ್ಸಿ ಮುಗಿಸಿ ಉಪವಿಭಾಗ ಕಲಿಯುವವರು, ತುಂಬಿರುತ್ತಾರೆ. ಕಷ್ಟದ ಯಕೃತ್ತು, ಮೇದೋಜೀರಕದ ಕೇಸುಗಳಲ್ಲಿ ರೆಸಿಡೆಂಟ್ ಬರೀ ಗಾಯ ತೆರೆದಿಡುವ ರಿಟ್ರಾಕ್ಟರ್ ಹಿಡಿದು ನಿಲ್ಲುವುದೂ ಇದೆ.

ನಾನು ಸೇರಿದ್ದು ಕಮ್ಯುನಿಟಿ ಆಸ್ಪತ್ರೆ. ಎರಡನೇ ವರ್ಷದ ಚಳಿಗಾಲದ ಒಂದು ರಾತ್ರಿ ಪಿತ್ತಕೋಶ ಕೊಳೆತು ಬಂದ ಮುದುಕಿ. ಹಿರಿಯರು ಎದುರು ನಿಂತು ಕ್ಯಾಮೆರಾ ಹಿಡಿದರು, ಉಪಕರಣ ನನ್ನ ಕೈಗೆ ಕೊಟ್ಟರು. ಸಿಸ್ಟಿಕ್ ನಾಳ, ಸಿಸ್ಟಿಕ್ ಧಮನಿ ಎರಡೂ ಬೇರೆ ಬೇರೆಯಾಗಿ ಕಾಣುವವರೆಗೆ ಕ್ಲಿಪ್ ಹಾಕಲು ಬಿಡಲಿಲ್ಲ. ನಲವತ್ತು ನಿಮಿಷ ಒಂದು ಮಾತೂ ಆಡದೆ ಕಾದರು. ನನ್ನನ್ನು ಶಸ್ತ್ರವೈದ್ಯೆ ಮಾಡಿದ್ದು ಆ ನಲವತ್ತು ನಿಮಿಷ. ಅಂಥ ಹಿರಿಯರು ಎಲ್ಲಿದ್ದಾರೋ ಆ ಹೆಸರನ್ನು ಮೇಲೆ ಬರೆಯಿರಿ.

ಮಿಶಿಗನ್ ನಾಲ್ಕನೇ ವರ್ಷ:
ಅಕ್ಕ, ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಪೀಡಿಯಾಟ್ರಿಕ್ ಸರ್ಜರಿಯಂಥ ಫೆಲೋಶಿಪ್ ಬೇಕೆನ್ನುವವರಿಗೆ ವಿಶ್ವವಿದ್ಯಾಲಯದ ಹೆಸರು, ಅಲ್ಲಿನ ಸಂಶೋಧನೆ, ಅಲ್ಲಿನವರ ಶಿಫಾರಸು ಪತ್ರ ನಿಜವಾಗಿಯೂ ಕೆಲಸಕ್ಕೆ ಬರುತ್ತವೆ. ನಾನು ಕಮ್ಯುನಿಟಿಯಲ್ಲಿದ್ದುಕೊಂಡು ಈಗ ಅದಕ್ಕಾಗಿ ಎರಡು ಪಟ್ಟು ಓಡಾಡುತ್ತಿದ್ದೇನೆ.

ಎರಡು ಪ್ರಿಲಿಮ್ ಮುಗಿಸಿದವನು:
ಎಲ್ಲರೂ ಪಟ್ಟಿಯ ತಲೆಯ ಬಗ್ಗೆ ಮಾತಾಡುತ್ತಿದ್ದೀರಿ. ನನ್ನ ಬದುಕು ತಿರುಗಿದ್ದು ಬಾಲದಲ್ಲಿ. ‘ಏನೂ ಇಲ್ಲದ್ದಕ್ಕಿಂತ ಇದು ವಾಸಿ’ ಎಂದು ಕೊನೆಯ ಸಾಲಿನಲ್ಲಿ ಪ್ರಿಲಿಮ್ ಬರೆದೆ, ಅದೇ ಸಿಕ್ಕಿತು. ಆ ಆಸ್ಪತ್ರೆಯಲ್ಲಿ ಪ್ರಿಲಿಮ್‌ಗಳಿಗೆ ವಾರ್ಡು, ಡಿಸ್ಚಾರ್ಜ್ ಪತ್ರ, ರಾತ್ರಿಪಾಳಿ. ಆಪರೇಷನ್ ಕೋಣೆಗೆ ಹೋಗುವುದು ಕ್ಯಾಟಗಾರಿಕಲ್ ಹುಡುಗರು. ಸರ್ಜರಿ ರೆಸಿಡೆಂಟರು ವರ್ಷವರ್ಷ ಬರೆಯುವ ಜನವರಿಯ ಆಬ್‌ಸೈಟ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೂ ಎರಡನೇ ವರ್ಷದ ಖಾಲಿ ಜಾಗ ಹುಟ್ಟಲಿಲ್ಲ. ಇನ್ನೊಂದು ಪ್ರಿಲಿಮ್ ಮಾಡಿದೆ, ಆಗಲೂ ಇಲ್ಲ.

ವೀಸಾದ ಲೆಕ್ಕ ಯಾರೂ ನನಗೆ ಹೇಳಿರಲಿಲ್ಲ. ವಿದೇಶಿ ವೈದ್ಯರು ತರಬೇತಿಗೆ ಬರುವ ಜೆ-1 ವೀಸಾಕ್ಕೆ ಸಾಮಾನ್ಯವಾಗಿ ಒಟ್ಟು ಏಳು ವರ್ಷದ ಮಿತಿ. ಎರಡು ಪ್ರಿಲಿಮ್‌ನಲ್ಲಿ ಕಳೆದರೆ ಉಳಿಯುವುದು ಐದು, ಸರ್ಜರಿಗೆ ಬೇಕಾದದ್ದೂ ಐದು, ಫೆಲೋಶಿಪ್‌ಗೆ ಜಾಗವೇ ಇಲ್ಲ. ಒಂದೇ ವರ್ಷ ಮಾಡಿದರೂ ‘ಎರಡು ವರ್ಷ ಸ್ವದೇಶದಲ್ಲಿರಬೇಕು’ ಎಂಬ ಷರತ್ತು ಬೆನ್ನಿಗೆ ಬೀಳುತ್ತದೆ. ಕೆಲಸ ಮುಗಿದ ಮೇಲೆ ದೇಶ ಬಿಡಲು 30 ದಿನ. ತರಬೇತಿ ಪೂರ್ಣವಾದವರಿಗೆ ಕಾನ್ರಾಡ್ ಯೋಜನೆಯಲ್ಲಿ ಆ ಷರತ್ತಿನಿಂದ ವಿನಾಯಿತಿ ಸಿಗಬಹುದು. ಅರ್ಧದಲ್ಲಿ ನಿಂತವರಿಗೆ ಅದೂ ಇಲ್ಲ. ಈಗ ಇಂಟರ್ನಲ್ ಮೆಡಿಸಿನ್‌ನಲ್ಲಿದ್ದೇನೆ, ರೋಗಿಗಳನ್ನು ನೋಡುವುದರಲ್ಲಿ ತೃಪ್ತಿ ಇದೆ. ಆದರೂ ನಿಮಗೆ ಹೇಳುತ್ತೇನೆ, ಪ್ರಿಲಿಮ್ ಎರಡನ್ನೂ ಅಳಿಸಿಬಿಡಿ.

ಪ್ರಿಲಿಮ್‌ನಿಂದ ಒಳಬಂದವಳು:
ನಿಮ್ಮ ನೋವನ್ನು ನಾನು ಸಣ್ಣದು ಮಾಡುತ್ತಿಲ್ಲ. ಆದರೆ ನನ್ನ ಸೀಟು ಬಂದದ್ದು ಅದೇ ದಾರಿಯಲ್ಲಿ. ಮೂರನೇ ತಿಂಗಳಲ್ಲಿ ಒಬ್ಬ ಕ್ಯಾಟಗಾರಿಕಲ್ ರೆಸಿಡೆಂಟ್ ಅನಸ್ತೇಷಿಯಾಕ್ಕೆ ಹೋಗುವುದಾಗಿ ಹೇಳಿದರು, ಡಿಸೆಂಬರಿನಲ್ಲಿ ನಿರ್ದೇಶಕರು ನನ್ನನ್ನು ಕರೆದರು. ಸಂದರ್ಶನದಲ್ಲೇ ನಾನು ಕೇಳಿದ್ದೆ: ಹಿಂದಿನ ಐದು ವರ್ಷದ ಪ್ರಿಲಿಮ್‌ಗಳು ಈಗ ಎಲ್ಲೆಲ್ಲಿದ್ದಾರೆ? ಆ ನಿರ್ದೇಶಕರು ಕಾಗದ ನೋಡದೆ ಒಬ್ಬೊಬ್ಬರ ಹೆಸರು, ಊರು ಹೇಳಿದರು. ಇನ್ನೊಂದು ಕಡೆ ಅದೇ ಪ್ರಶ್ನೆಗೆ ‘ಎಲ್ಲರೂ ಚೆನ್ನಾಗಿದ್ದಾರೆ’ ಎಂದರು. ಎರಡೂ ಪ್ರಿಲಿಮ್ ಒಂದೇ ಅಲ್ಲ.

ಎರಡು ಪ್ರಿಲಿಮ್ ಮುಗಿಸಿದವನು:
ಆ ಪ್ರಶ್ನೆ ನಾನು ಕೇಳಿರಲಿಲ್ಲ. ಒಪ್ಪುತ್ತೇನೆ. ಆದರೂ ಇದನ್ನು ಗಮನಿಸಿ: ಸೀಟು ಸಿಗದವರಿಗೆ ಮ್ಯಾಚ್ ವಾರದಲ್ಲೇ ಸೋಪ್ ಎಂಬ ಇನ್ನೊಂದು ಹಂಚಿಕೆ ಇದೆ. ಅಲ್ಲಿ ಸರ್ಜರಿ ಪ್ರಿಲಿಮ್ ಪ್ರತಿ ವರ್ಷ ಉಳಿದಿರುತ್ತವೆ. ಪಟ್ಟಿಯಲ್ಲಿ ಬರೆದು ಪ್ರಿಲಿಮ್ ಸಿಕ್ಕಿದರೆ ಸೋಪ್‌ನಲ್ಲಿ ಬೇರೆ ವಿಭಾಗದ ಪೂರ್ಣ ಸೀಟಿಗೆ ಪ್ರಯತ್ನಿಸಲು ಅವಕಾಶವಿಲ್ಲ.

ಶಸ್ತ್ರವೈದ್ಯೆ, ಓಹಾಯೋ:
ಸೋಪ್‌ನಲ್ಲಿ ವೀಸಾ ಬೇಕಾದವರಿಗೆ ಸಿಗುವುದು ಬಹಳ ಕಡಿಮೆ, ಅದನ್ನು ನೆಚ್ಚಿಕೊಂಡು ಕೂರುವ ಹಾಗಿಲ್ಲ. 2024ರ ಮ್ಯಾಚ್‌ನಲ್ಲಿ ಎಲ್ಲ ವಿಭಾಗ ಸೇರಿ ಅಮೆರಿಕದ ಪ್ರಜೆಗಳಲ್ಲದ ವಿದೇಶಿ ಪದವೀಧರರಲ್ಲಿ ಸೀಟು ಸಿಕ್ಕಿದ್ದು ನೂರಕ್ಕೆ 58.5 ಮಂದಿಗೆ. ಸರ್ಜರಿ ಅದಕ್ಕಿಂತ ಬಿಗಿ. ಹಾವೇರಿಯವರೇ, ವೀಸಾ ಯಾವುದು ಎಂದು ಆಸ್ಪತ್ರೆಗಳನ್ನು ಬರಹದಲ್ಲೇ ಕೇಳಿ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾದ ಮೇಲೆ ಹಳೆಯ ಮಾತುಗಳನ್ನು ನಂಬುವಂತಿಲ್ಲ.

ಹುಬ್ಬಳ್ಳಿ ಎಂಎಸ್:
ಒಂದು ಮಾತು ನಾನೂ ಸೇರಿಸುತ್ತೇನೆ. ಇಲ್ಲಿ ಮೂರು ವರ್ಷದಲ್ಲಿ ಎಂಎಸ್ ಮುಗಿಯುತ್ತದೆ. ನೀಟ್ ಪಿಜಿ ಬರೆದು ವಾಪಸ್ ಬರುವುದೂ ಗೌರವದ ದಾರಿಯೇ. ಅಪೆಂಡಿಕ್ಸ್, ಹರ್ನಿಯಾ, ಕರುಳು ತೂತಾಗಿ ಬಂದವರು, ಎಲ್ಲವೂ ನಮ್ಮ ಕೈಗೆ ಮೊದಲ ವರ್ಷವೇ ಬರುತ್ತವೆ. ಪ್ರಿಲಿಮ್‌ಗಿಂತ ಮೇಲೆ ಈ ಸಾಲನ್ನೂ ನಿಮ್ಮ ಮನಸ್ಸಿನ ಪಟ್ಟಿಯಲ್ಲಿ ಬರೆದು ನೋಡಿ.

ಹಾವೇರಿ ಡಾಕ್ಟರ್:
ಮೂರು ದಿನ ಯೋಚಿಸಿದೆ. ಎರಡೂ ಪ್ರಿಲಿಮ್ ಆಸ್ಪತ್ರೆಗಳಿಗೆ ಆ ಪ್ರಶ್ನೆ ಬರೆದೆ. ಒಂದರಿಂದ ಐದು ವರ್ಷದ ಎಲ್ಲರ ವಿವರ ಬಂತು, ಹನ್ನೊಂದು ಜನರಲ್ಲಿ ಆರು ಮಂದಿ ಈಗ ಕ್ಯಾಟಗಾರಿಕಲ್ ಸರ್ಜರಿಯಲ್ಲಿದ್ದಾರೆ. ಇನ್ನೊಂದರಿಂದ ಉತ್ತರವಿಲ್ಲ, ಅದನ್ನು ಅಳಿಸಿದೆ. ಕಮ್ಯುನಿಟಿ ಆಸ್ಪತ್ರೆಗಳ ರೆಸಿಡೆಂಟರ ಜೊತೆಗೂ ಮಾತಾಡಿದೆ. ಇಮೇಲ್ ಬರದ ಆಸ್ಪತ್ರೆಯ ಎರಡನೇ ವರ್ಷದವರು, ಹಿಂದಿನ ವಾರ ಹಿರಿಯರು ತಮ್ಮ ಕೈಯಿಂದ ಮಾಡಿಸಿದ ಹರ್ನಿಯಾವನ್ನು ಹೊಲಿಗೆ ಹೊಲಿಗೆಯಾಗಿ ವಿವರಿಸಿದರು. ಅದು ಈಗ ಮೊದಲನೆಯದು. ವಿಶ್ವವಿದ್ಯಾಲಯ ಎರಡು, ಇಮೇಲ್ ಬಂದದ್ದು ಮೂರು, ಉತ್ತರ ಕೊಟ್ಟ ಪ್ರಿಲಿಮ್ ನಾಲ್ಕು.

ಎರಡು ಪ್ರಿಲಿಮ್ ಮುಗಿಸಿದವನು:
ನಾನಾಗಿದ್ದರೆ ನಾಲ್ಕನೆಯದನ್ನೂ ಬರೆಯುತ್ತಿರಲಿಲ್ಲ. ಆದರೆ ನೀವು ಕೇಳಿ ತಿಳಿದು ಬರೆದಿದ್ದೀರಿ. ಪಟ್ಟಿಯನ್ನು ಉಳಿಸಿದರಷ್ಟೇ ಸಾಲದು, ‘ಸರ್ಟಿಫೈ’ ಒತ್ತಬೇಕು. ಒತ್ತದ ಪಟ್ಟಿ ಲೆಕ್ಕಕ್ಕೆ ಬರುವುದಿಲ್ಲ. ಕೊನೆಯ ದಿನದವರೆಗೆ ಕಾಯದೆ ಇವತ್ತೇ ಒತ್ತಿ.