ಓವನ್ ಕಾವು ಸರಿಯಿಲ್ಲ: ಸೆನ್ಸರ್ ಹೋಗಿದೆಯಾ, ಹೇಗೆ ನೋಡೋದು?

ಕೇಳಿದವರು, ನ್ಯೂಜೆರ್ಸಿ
ಮನೆ ಜೊತೆಗೇ ಬಂದ ಹಳೇ ಎಲೆಕ್ಟ್ರಿಕ್ ರೇಂಜ್ (ಮೇಲೆ ಒಲೆ, ಕೆಳಗೆ ಓವನ್ ಇರುವಂಥದ್ದು) ನಮ್ಮದು. ಮೇಲಿನ ಒಲೆಗಳಿಗೆ ಏನೂ ತೊಂದರೆ ಇಲ್ಲ. ಓವನ್ ಮಾತ್ರ 350 ಡಿಗ್ರಿ ಫ್ಯಾರನ್‌ಹೀಟ್ ಇಟ್ಟರೂ ಖಾರಾ ಬಿಸ್ಕತ್ತು ಬಿಳಿಚಿಕೊಂಡೇ ಇರುತ್ತದೆ, ಕೇಕ್ ನಡುವೆ ಹಸಿ. ಆಗೊಮ್ಮೆ ಈಗೊಮ್ಮೆ ಬೀಪ್ ಹೊಡೆದು ಎಫ್3 ಅಂತ ತೋರಿಸುತ್ತದೆ. ಕಾವು ಅಳೆಯುವ ಸೆನ್ಸರ್ ಹೊಸದು ತರಿಸಿ ಹಾಕಿಬಿಡಲಾ? ಅನುಭವ ಇದ್ದವರು ಹೇಳಿ.

ಡಲ್ಲಾಸ್‌ನಿಂದ
ತರಿಸುವ ಮುಂಚೆ ಮೀಟರ್ (ಮಲ್ಟಿಮೀಟರ್) ಹಿಡಿದು ನೋಡಿ ಮೇಡಂ. ಎಫ್3 ಅಂದರೆ ಎಷ್ಟೋ ಮಾಡೆಲ್‌ಗಳಲ್ಲಿ ಸೆನ್ಸರ್ ಸರ್ಕ್ಯೂಟಿನ ದೂರು. ಸರ್ಕ್ಯೂಟ್ ಅಂದಾಗ ಸೆನ್ಸರ್ ಕಡ್ಡಿ, ವೈರು, ಕನೆಕ್ಟರ್ ಎಲ್ಲ ಸೇರಿತು. ಕಡ್ಡಿಯದೇ ತಪ್ಪು ಅಂತ ಅದು ಹೇಳುತ್ತಿಲ್ಲ.

ಓವನ್ ಒಳಗೆ ಹಿಂದಿನ ಗೋಡೆಯ ಮೇಲ್ಭಾಗದಲ್ಲಿ ಪೆನ್ಸಿಲ್‌ಗಿಂತ ತೆಳ್ಳಗಿನ ಲೋಹದ ಕಡ್ಡಿ ಚಾಚಿಕೊಂಡಿರುತ್ತದಲ್ಲ, ಅದೇ ಸೆನ್ಸರ್. ತುದಿಯಲ್ಲಿ ಪ್ಲಾಟಿನಂ ಇರುತ್ತದೆ. ಕಾವು ಏರಿದ ಹಾಗೆ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ, ಅಳತೆ ಓಮ್‌ನಲ್ಲಿ) ಏರುತ್ತದೆ. ಓವನ್ ನಡೆಸುವ ಕಂಟ್ರೋಲ್ ಬೋರ್ಡು ಅದನ್ನು ಓದಿಕೊಂಡು ಕಾಯಿಸುವ ಕಾಯಿಲ್‌ಗೆ ಕರೆಂಟ್ ಕೊಡುತ್ತದೆ, ನಿಲ್ಲಿಸುತ್ತದೆ. ಅಮೆರಿಕದ ಹೆಚ್ಚಿನ ರೇಂಜ್‌ಗಳಲ್ಲಿ ಮನೆಯ ಸಾಮಾನ್ಯ ಬಿಸಿಗೆ ಇದು 1080ರಿಂದ 1100 ಓಮ್ ತೋರಿಸಬೇಕು. 350 ಫ್ಯಾರನ್‌ಹೀಟ್‌ಗೆ ಸುಮಾರು 1650ರಿಂದ 1680.

ಮೊದಲು ಬ್ರೇಕರ್ ಆಫ್ ಮಾಡಿ. ಒಳಗೆ 240 ವೋಲ್ಟ್ ಇರುತ್ತದೆ, ಗುಂಡಿ ತಿರುಗಿಸಿದರೆ ಸಾಲದು. ಓವನ್ ಪೂರ್ತಿ ಆರಿರಲಿ. ಎರಡು ಸ್ಕ್ರೂ ಬಿಚ್ಚಿ ಕಡ್ಡಿಯನ್ನು ಮೆಲ್ಲಗೆ ಮುಂದಕ್ಕೆ ಎಳೆದರೆ ವೈರು, ಅದರ ಹಿಂದೆ ಕನೆಕ್ಟರ್ ಬರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಬರಲ್ಲ, ಹಿಂದಿನ ತಗಡು ಬಿಚ್ಚಲೇಬೇಕು. ಜಗ್ಗಾಡಬೇಡಿ. ಬಿಡಿಸಿದ ಮೇಲೆ ಗೋಡೆ ಕಡೆಯ ವೈರಿಗೆ ಬಟ್ಟೆ ಕ್ಲಿಪ್ ಹಾಕಿಡಿ. ತೂತಿನೊಳಗೆ ಜಾರಿಕೊಂಡರೆ ಇಡೀ ರೇಂಜ್ ಈಚೆಗೆ ಎಳೆಯುವ ಕೆಲಸ.

ಮೀಟರನ್ನು 2000 ಓಮ್ ಅಳತೆಗೆ ಇಟ್ಟು ಕಡ್ಡಿಯ ಎರಡು ಪಿನ್ ಮುಟ್ಟಿಸಿ. ಏನೂ ಓದದೆ ಓಎಲ್ (ಅಳತೆಗೆ ಸಿಗದು ಎಂಬ ಗುರುತು) ಅಂದರೆ ಸೆನ್ಸರ್ ಕಡಿದಿದೆ, ಹೊಸದು ತರಿಸಿ. ಆಮೇಲೆ ಒಂದು ಪಿನ್‌ಗೂ ಕಡ್ಡಿಯ ಮೈಗೂ ಮುಟ್ಟಿಸಿ. ಅಲ್ಲಿ ಏನೂ ತೋರಿಸಬಾರದು. ತೋರಿಸಿದರೆ ಒಳಗೇ ಶಾರ್ಟ್ ಆಗಿದೆ.

ಟೊರಾಂಟೊದಿಂದ
ತಣ್ಣಗಿದ್ದಾಗ ಸರಿ ಇದ್ದು ಕಾದಾಗ ಕೈಕೊಡುವ ಸೆನ್ಸರ್‌ಗಳೂ ಇವೆ. ಆಗೊಮ್ಮೆ ಈಗೊಮ್ಮೆ ಕೋಡ್ ಬರುವವರು ಇದನ್ನೂ ನೋಡಿ. ಪಾತ್ರೆಯಲ್ಲಿ ನೀರು ಕುದಿಸಿ ಕಡ್ಡಿಯ ತುದಿ ಮಾತ್ರ ಅದ್ದಿ. ಪಿನ್‌ಗಳಿಗೆ ನೀರು ತಾಗಬಾರದು, ಕೈ ಜೋಪಾನ. ಮೀಟರ್ ನಿಧಾನಕ್ಕೆ ಏರಿ 1385 ಓಮ್ ಹತ್ತಿರ ನಿಲ್ಲಬೇಕು. ಊರು ಎತ್ತರದಲ್ಲಿದ್ದರೆ ಸ್ವಲ್ಪ ಕಡಿಮೆ. ಏರುತ್ತಾ ಏರುತ್ತಾ ಸಟಕ್ಕನೆ ಜಿಗಿದರೆ ಅಥವಾ ಮಾಯವಾದರೆ ಕಡ್ಡಿ ಕೆಟ್ಟಿದೆ.

ಇನ್ನೊಂದು, ಸೆಲ್ಫ್ ಕ್ಲೀನ್ (ಓವನ್ ತಾನೇ ಕೊಳೆ ಸುಟ್ಟುಕೊಳ್ಳುವ ಮೋಡ್) ಹಾಕಿದ್ರಾ ಇತ್ತೀಚೆಗೆ? ಒಳಗೆ 450 ಸೆಲ್ಸಿಯಸ್ ದಾಟುತ್ತದೆ, ಆ ಕಾವಿಗೆ ಭಾಗಗಳು ಕೆಡುವುದುಂಟು. ಹಬ್ಬಕ್ಕೆ ಮುಂಚೆ ಓವನ್ ಫಳಫಳ ಅನ್ನಿಸಲು ಹೋಗಿ ಹಬ್ಬದ ದಿನ ಓವನ್ನೇ ಇಲ್ಲದ ಹಾಗೆ ಆದವರು ನಮ್ಮ ಬಳಗದಲ್ಲೇ ಇದ್ದಾರೆ.

ಸಿಯಾಟಲ್‌ನಿಂದ
ಕೆಳಗಿನ ಕಾಯಿಲ್ ಪೂರ್ತಿ ಕೆಂಪಗಾಗುತ್ತಾ ನೋಡಿದ್ರಾ? ಗ್ಯಾಸ್ ಓವನ್ ಇರುವವರು ಸೆನ್ಸರ್‌ಗಿಂತ ಮೊದಲು ಇಗ್ನೈಟರ್ (ಗ್ಯಾಸ್ ಹೊತ್ತಿಸುವ ಭಾಗ) ನೋಡಬೇಕು. ಕೆಂಪಗೆ ಹೊಳೆಯುತ್ತಿದ್ದರೂ ಅದು ಎಳೆಯುವ ಕರೆಂಟ್ ಕಡಿಮೆಯಾದರೆ ವಾಲ್ವ್ ತೆರೆಯಲ್ಲ, ಉರಿ ತಡವಾಗಿ ಹತ್ತುತ್ತದೆ.

ಬೆಂಗಳೂರಿನಿಂದ
ಸುಮ್ನೆ ಒಂದು ಮಾತು. ಇಲ್ಲಿನ ಗುಂಡಿ ತಿರುಗಿಸುವ ಸಾದಾ ಓಟಿಜಿಗಳಿಗೆ (ಮೇಜಿನ ಮೇಲಿಡುವ ಪುಟ್ಟ ಓವನ್‌ಗಳಿಗೆ) ಈ ಲೆಕ್ಕ ಬರಲ್ಲ. ಅವುಗಳಲ್ಲಿ ಗುಂಡಿಯ ಹಿಂದೆ ಥರ್ಮೋಸ್ಟಾಟ್ ಇರುತ್ತದೆ, ಓಮ್ ನೋಡಿ ಕಾವು ಹೇಳಲು ಆಗಲ್ಲ.

ಕೇಳಿದವರು
ಕಾಯಿಲ್ ಪೂರ್ತಿ ಕೆಂಪಗಾಗುತ್ತದೆ. ನಮ್ಮವರು ಮೀಟರ್ ಹಿಡಿದರು, ಕಡ್ಡಿ 1091 ಓಮ್. ಮೈಗೆ ಮುಟ್ಟಿಸಿದರೆ ಏನೂ ಇಲ್ಲ. ಕುದಿಯುವ ನೀರಿನಲ್ಲಿ 1380. ಕನೆಕ್ಟರ್‌ನ ಒಂದು ಪಿನ್ ಮಾತ್ರ ಕಂದುಬಣ್ಣಕ್ಕೆ ತಿರುಗಿದೆ. ಈಗ?

ಡಲ್ಲಾಸ್‌ನಿಂದ
ಹಾಗಾದರೆ ಕಡ್ಡಿ ಸರಿಯಿದೆ, ದುಡ್ಡು ಉಳೀತು. ನನಗೆ ಆ ಕಂದು ಪಿನ್ ಮೇಲೇ ಅನುಮಾನ. ಸುಟ್ಟ ಪಿನ್ ತನ್ನದೇ ಒಂದಿಷ್ಟು ರೆಸಿಸ್ಟೆನ್ಸ್ ಸೇರಿಸುತ್ತದೆ. ಬೋರ್ಡಿಗೆ ಅದು ಗೊತ್ತಾಗಲ್ಲ, ಓವನ್ ಆಗಲೇ ಕಾದಿದೆ ಅಂದುಕೊಂಡು ಕಾಯಿಲ್ ಬೇಗ ಆರಿಸುತ್ತದೆ. ಒಂದು ಡಿಗ್ರಿ ಫ್ಯಾರನ್‌ಹೀಟ್‌ಗೆ ಸುಮಾರು 2 ಓಮ್ ಲೆಕ್ಕ. 60 ಓಮ್ ಜಾಸ್ತಿ ಸೇರಿದರೆ ಓವನ್ 30 ಡಿಗ್ರಿ ತಣ್ಣಗೆ ನಡೆಯುತ್ತದೆ. ನಿಮ್ಮ ಬಿಸ್ಕತ್ತು ಬಿಳಿಚಿಕೊಳ್ಳೋದಕ್ಕೂ ಇದಕ್ಕೂ ತಾಳೆ ಆಗುತ್ತೆ ಅಲ್ವಾ? ಸಂಪರ್ಕ ಪೂರ್ತಿ ತಪ್ಪಿದಾಗ ಎಫ್3.

ಖಚಿತ ಮಾಡಿಕೊಳ್ಳಲು ಕನೆಕ್ಟರ್ ಮತ್ತೆ ಸೇರಿಸಿ, ಬ್ರೇಕರ್ ಆಫ್ ಇರುವಾಗಲೇ ಬೋರ್ಡಿನ ಕಡೆ ಸೆನ್ಸರ್ ಪ್ಲಗ್ ಕಿತ್ತು ಅಲ್ಲಿಂದ ಅಳೆಯಿರಿ. ಯಾವ ಪಿನ್ ಅನ್ನೋದು ರೇಂಜ್ ಒಳಗೇ ಮಡಚಿಟ್ಟ ಟೆಕ್ ಶೀಟ್‌ನಲ್ಲಿ (ರಿಪೇರಿ ಮಾಡುವವರಿಗೆ ಇಟ್ಟ ವಿವರದ ಹಾಳೆಯಲ್ಲಿ) ಇರುತ್ತದೆ, ಸಾಮಾನ್ಯವಾಗಿ ಕಂಟ್ರೋಲ್ ಪ್ಯಾನಲ್ ಹಿಂದೆ ಅಥವಾ ಕೆಳಗಿನ ಡ್ರಾಯರ್ ಹತ್ತಿರ. ಒಬ್ಬರು ಓದುತ್ತಿರಲಿ, ಇನ್ನೊಬ್ಬರು ಕನೆಕ್ಟರ್ ಅಲ್ಲಾಡಿಸಲಿ. ಅಂಕಿ ಕುಣಿದರೆ ಕಳ್ಳ ಸಿಕ್ಕಿದ ಹಾಗೆ. ಆ ಕನೆಕ್ಟರ್ ಕತ್ತರಿಸಿ, ಹೆಚ್ಚು ಕಾವು ತಡೆಯುವ ವೈರು, ಪಿಂಗಾಣಿ ವೈರ್ ನಟ್ ಹಾಕಿ ಜೋಡಿಸಿ. ಮಾಮೂಲಿ ಪ್ಲಾಸ್ಟಿಕ್ ನಟ್, ಇನ್ಸುಲೇಷನ್ ಟೇಪ್ ಅಲ್ಲಿ ಕರಗಿ ಹೋಗುತ್ತವೆ.

ಬೋರ್ಡಿನ ಕಡೆಯಿಂದಲೂ 1091 ಅಲುಗಾಡದೆ ನಿಂತರೆ ಅನುಮಾನ ಬೋರ್ಡಿನ ಮೇಲೆ. ಆಗ ಬಾಗಿಲ ಚೌಕಟ್ಟು ಅಥವಾ ಡ್ರಾಯರ್ ಹಿಂದಿನ ಚೀಟಿಯಲ್ಲಿರುವ ಮಾಡೆಲ್ ನಂಬರ್ ಹಾಕಿ, ಬೋರ್ಡು ಸಿಗುತ್ತಾ ನೋಡೋಣ.