ತಾಲ್ಲೂಕಲ್ಲಿ ಫಿಲ್ಮ್ ಫೆಸ್ಟಿವಲ್ ಮಾಡಿದ್ರೆ ಇಲ್ಲೇ ಸಿನಿಮಾ ಮಾಡೋರು ಹುಟ್ಕೋತಾರಾ?

ಸಿದ್ದಾಪುರದ_ಹುಡ್ಗ:
ನಮ್ದು ಸಿದ್ದಾಪುರ ಕಡೆ ಹಳ್ಳಿ. ಏಳೆಂಟು ಜನ ಸೇರ್ಕೊಂಡು ಮೊಬೈಲಲ್ಲೇ ಕಿರುಚಿತ್ರ ಮಾಡ್ತಾ ಇದೀವಿ, ಯೂಟ್ಯೂಬಿಗೆ ಹಾಕಿದ್ರೆ ಇನ್ನೂರು ಮುನ್ನೂರು ವ್ಯೂಸ್, ಅದ್ರಲ್ಲಿ ಅರ್ಧ ನಮ್ಮನೆಯೋರೇ. ಈ ಸಲ ಅಡಿಕೆ ಕೊಯ್ಲು ಮುಗಿದ್ಮೇಲೆ ಮೂರು ದಿನ ಫೆಸ್ಟಿವಲ್ ಮಾಡೋಣ ಅಂತಿದೆ, ಸೊಸೈಟಿಯವ್ರು ಹಾಲ್ ಕೊಡ್ತೀವಿ ಅಂದಿದಾರೆ. ಆದ್ರೆ ಊರ ಹಿರಿಯರೊಬ್ರು "ಮೂರ್ ದಿನ ಪಿಚ್ಚರ್ ತೋರ್ಸಿದ್ರೆ ಇಲ್ಲಿ ಸಿನಿಮಾ ಬೆಳೀತದನ ತಮಾ" ಅಂದ್ರು, ನಂಗೆ ಉತ್ರ ಗೊತ್ತಾಗ್ಲಿಲ್ಲ. ನಿಮ್ಗೇನನ್ಸತ್ತೆ?

ಸಾಗರದವ:
ನಿಮ್ಮ ಪಕ್ಕದ ತಾಲ್ಲೂಕಲ್ಲೇ ಉದಾಹರಣೆ ಇದ್ಯಲ್ಲ ಮಾರಾಯ. ಹೆಗ್ಗೋಡಲ್ಲಿ ಕೆ.ವಿ. ಸುಬ್ಬಣ್ಣನವ್ರು 70ರ ದಶಕದಲ್ಲೇ ತಮ್ಮ ನಾಟಕ ಸಂಸ್ಥೆ ನೀನಾಸಮ್ ಕಡೆಯಿಂದ ಚಿತ್ರಸಮಾಜ ಅಂತ ಮಾಡಿ, ಪುಣೆಯ ಫಿಲ್ಮ್ ಆರ್ಕೈವ್‌ನಿಂದ ಪ್ರಿಂಟ್ ತರಿಸಿ, ಬೈಸಿಕಲ್ ಥೀವ್ಸ್, ರಾಶೋಮಾನ್ ಥರ ಹೊರದೇಶದ ಸಿನಿಮಾ ಎಲ್ಲಾ ತೋಟದ ಕೆಲಸದೋರಿಗೆ ತೋರ್ಸಿದ್ರು. ಆ ಆರ್ಕೈವ್ ಕಟ್ಟಿದ ಪಿ.ಕೆ. ನಾಯರ್, ಸಿನಿಮಾ ಮೇಷ್ಟ್ರು ಸತೀಶ್ ಬಹಾದ್ದೂರ್ ಅಂಥೋರು ಅಲ್ಲಿಗೇ ಬಂದು ಶಿಬಿರದಲ್ಲಿ ಪಾಠ ಮಾಡ್ತಿದ್ರು. ನಮ್ಮಪ್ಪ ಈಗ್ಲೂ ಹೇಳ್ತಾನೆ, ರೀಲ್ ಬದಲಾಯಿಸೋ ಟೈಮಲ್ಲಿ ಲೈಟ್ ಹಾಕಿದ ಕೂಡ್ಲೇ ಕವಳ ಹಾಕ್ಕೊಂಡು, ಬೈಸಿಕಲ್ ಥೀವ್ಸ್ ಆದ್ರೆ "ಆ ಹುಡ್ಗನ ಮುಂದೆ ಅಪ್ಪಂಗೆ ಹಂಗೆ ಹೊಡೀಬಾರ್ದಿತ್ತು" ಅಂತ ಜಗಳ ಶುರುವಾಗ್ತಿತ್ತಂತೆ.

ನಾಟಕದ_ಹುಚ್ಚ:
ಸಾಗರದವ್ರು ಹೇಳಿದ್ದು ನಿಜ, ಆದ್ರೆ ಅರ್ಧ. ಹೆಗ್ಗೋಡಲ್ಲಿ ಒಳ್ಳೆ ನೋಡೋರು ತಯಾರಾದ್ರು, ಸಿನಿಮಾ ಮಾಡೋ ಊರೇನೂ ಆಗ್ಲಿಲ್ಲ. ಅಲ್ಲಿಂದ ಕನ್ನಡ ಸಿನಿಮಾಗೆ ಸಿಕ್ಕಿದ್ದು ನಟರು, ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಥರದೋರು, ಅದೂ ವರ್ಷಗಟ್ಲೆ ನಡೆದ ರಂಗಶಿಕ್ಷಣದಿಂದ. ತುಳು ಸಿನಿಮಾನೂ ನೋಡಿ, 1971ರಲ್ಲೇ ಮೊದಲ ಚಿತ್ರ ಬಂದ್ರೂ ಥಿಯೇಟರ್ ತುಂಬ್ಸಿದ್ದು 2011ರ ಒರಿಯರ್ದೊರಿ ಅಸಲ್, ಅದು ನಾಟಕದಿಂದ್ಲೇ ಬಂದಿದ್ದು, ಜನ ಮೊದ್ಲೇ ರೆಡಿ ಇದ್ರು. ಹಂಗಾಗಿ ಬರೀ ತೋರ್ಸೋದು ಸಾಲದು ಅನ್ನೋದು ನನ್ನ ವಾದ.

ಊರುಬಿಟ್ಟವಳು:
ಹಿಮಾಚಲದ ಧರ್ಮಶಾಲಾ ಫಿಲ್ಮ್ ಫೆಸ್ಟಿವಲ್ ನೋಡಿ ಬಂದಿದೀನಿ, ಅದ್ಕೆ ಹೇಳ್ತಿದೀನಿ. ರಿತು ಸರೀನ್, ತೆನ್ಜಿಂಗ್ ಸೋನಮ್ ಅನ್ನೋ ಸಿನಿಮಾ ನಿರ್ದೇಶಕರು 2012ರಲ್ಲಿ ಶುರು ಮಾಡಿದ್ದು. ಅವ್ರು ಬರೀ ಸಿನಿಮಾ ತೋರ್ಸಲ್ಲ, ಹಿಮಾಲಯದ ಕಡೆಯ ಹೊಸಬರನ್ನ ಫೆಲೋ ಅಂತ ಆರಿಸಿ ಬಂದಿರೋ ನಿರ್ದೇಶಕರ ಜೊತೆ ಕೂರಿಸಿದ್ದೂ ಇದೆ. ನೀವೂ ಮೂರು ದಿನದಲ್ಲಿ ಒಂದು ದಿನ ಅದಕ್ಕೇ ಇಡಿ. ಅಂದಹಾಗೆ ಶಿರಸಿ ಕಡೆಯ ನಿರ್ದೇಶಕ ನಟೇಶ್ ಹೆಗಡೆ ಇದಾರಲ್ಲ, ಅವ್ರ ಸಿನಿಮಾ ಪೆಡ್ರೊ 2021ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಫೆಸ್ಟಿವಲ್‌ಗೆ ಹೋಯ್ತು, ಮುಖ್ಯ ಪಾತ್ರ ಅವ್ರ ಅಪ್ಪಂದೇ, ಊರಲ್ಲೇ ಶೂಟಿಂಗು. ಅದನ್ನ ನಿಮ್ಮ ಹಾಲಲ್ಲಿ ತೋರ್ಸೋಕೆ ಆಗತ್ತಾ ಕೇಳಿ ನೋಡಿ, ಆ ಹಿರಿಯರನ್ನ ಮುಂದಿನ ಸಾಲಲ್ಲಿ ಕೂರ್ಸಿ 😄

ಪ್ರೊಜೆಕ್ಟರ್_ಭಟ್ಟ:
ನಾನು ಕೆಲಸದ ಮಾತು ಹೇಳ್ತೀನಿ. ಪ್ರತಿ ಸಿನಿಮಾಗೂ ಮಾಡಿದೋರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ, ಸೆನ್ಸಾರ್ ಆಗದೇ ಇರೋದಾದ್ರೆ ಕೇಂದ್ರ ವಾರ್ತಾ ಇಲಾಖೆಯ ವಿನಾಯಿತಿ ಬೇಕಾಗತ್ತೆ, ಕೊನೇ ವಾರ ಓಡಾಡಿದ್ರೆ ಆಗಲ್ಲ. ಜನರೇಟರ್ ಇರ್ಲಿ, ನಮ್ ಕಡೆ ಕರೆಂಟ್ ಕತೆ ಗೊತ್ತಲ್ಲ. ಪಕ್ಕದೂರಲ್ಲಿ ಯಕ್ಷಗಾನದ ಆಟ ಇರೋ ರಾತ್ರಿ ಮಾತ್ರ ಇಟ್ಕೋಬೇಡಿ, ಬಣ್ಣದ ವೇಷ ಬಿಟ್ಟು ಪರದೆ ನೋಡೋಕೆ ಯಾರೂ ಬರಲ್ಲ. ಸಿನಿಮಾ ಕಳ್ಸೋರ ಹತ್ರ ಎಂಟ್ರಿ ಫೀ ಅಂತ ದುಡ್ಡು ತಗೋಬೇಡಿ ಮಾತ್ರ. ನಾನು ಹಿಂದೆ ಒಂದ್ಕಡೆ 500 ಕಟ್ಟಿದ್ದೆ, ಸರ್ಟಿಫಿಕೇಟ್ ಪಿಡಿಎಫ್ ಬಂತು, ಸಿನಿಮಾನ ಯಾರೂ ತೋರ್ಸಿದ್ದೂ ಇಲ್ಲ ನೋಡಿದ್ದೂ ಇಲ್ಲ.

ಸಿದ್ದಾಪುರದ_ಹುಡ್ಗ:
ಎಲ್ರಿಗೂ ಥ್ಯಾಂಕ್ಸ್. ಹಂಗಾದ್ರೆ ಎರಡು ದಿನ ಸಿನಿಮಾ, ಒಂದು ದಿನ ಕಲಿಯೋದು, ಎಂಟ್ರಿ ಫ್ರೀ. ಭಟ್ರೇ, ನಿಮ್ಮ ಆ ಸಿನಿಮಾ ಇನ್ನೂ ಇದ್ಯಾ? ಮೊದಲನೇ ದಿನ ಸಂಜೆ ಅದನ್ನೇ ಹಾಕೋಣ, ಪ್ರೊಜೆಕ್ಟರ್ ನೀವೇ ತನ್ನಿ.