ವರ್ಷ ವರ್ಷವೂ ಎಲ್ಕ್ ಬೇಟೆಯಿಂದ ಬರಿಗೈ: ಗೈಡ್ ಹಿಡಿಯೋದಾ, ಹೀಗೇ ಮುಂದುವರಿಯೋದಾ?

ಸೋಮವಾರಪೇಟೆ_ಕೊಲೊರಾಡೊ

ಎಲ್ಲರಿಗೂ ನಮಸ್ಕಾರ. ನಾನಿರುವುದು ಕೊಲೊರಾಡೊದಲ್ಲಿ. ಹಲವು ವರ್ಷಗಳಿಂದ ಅಕ್ಟೋಬರ್ ಕೊನೆಗೆ, ಎರಡನೇ ರೈಫಲ್ ಸೀಸನ್‌ನಲ್ಲಿ (ರೈಫಲ್ ಬೇಟೆಗೆ ಬಿಡುವ ಎರಡನೇ ಅವಧಿ), ಫ್ಲಾಟ್ ಟಾಪ್ಸ್ ಬೆಟ್ಟಗಳ ಕಡೆ ಎಲ್ಕ್ ಬೇಟೆಗೆ ಹೋಗುತ್ತೇನೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಎಲ್ಕ್ ನಮ್ಮ ಕಡವೆಯ ಕುಟುಂಬದ್ದೇ, ಅದಕ್ಕಿಂತ ದೊಡ್ಡದು. ಬೆಳೆದ ಗಂಡು 300 ಕಿಲೋ ದಾಟುತ್ತದೆ. ಸರ್ಕಾರಿ ಕಾಡು, ಲೈಸೆನ್ಸ್, ಟ್ಯಾಗ್ (ಒಂದು ಪ್ರಾಣಿ ಹೊಡೆಯಲು ಕೊಡುವ ಪರವಾನಗಿ ಚೀಟಿ), ಎಲ್ಲವೂ ಕಾನೂನು ಪ್ರಕಾರ. ಇಷ್ಟು ವರ್ಷ ಹೋದರೂ ಒಂದನ್ನೂ ಮನೆಗೆ ತಂದಿಲ್ಲ.

ಕಣ್ಣಿಗೇ ಬಿದ್ದಿಲ್ಲ ಎಂದಲ್ಲ. ಹೋದ ಸಲ ಸಂಜೆ ಆಸ್ಪೆನ್ ಮರಗಳ ಸಂದಿಯಲ್ಲಿ ಒಂದು ಗಂಡು ನಿಂತಿತ್ತು. ಇಲ್ಲಿ ಬಹುತೇಕ ಕಡೆ ನಿಯಮ ಹೀಗಿದೆ: ಒಂದು ಕೊಂಬಿನಲ್ಲಾದರೂ ನಾಲ್ಕು ಕವಲು ಇರಬೇಕು, ಇಲ್ಲದಿದ್ದರೆ ಹಣೆಯ ಮೇಲಿನ ಕವಲು ಐದು ಇಂಚಾದರೂ ಇರಬೇಕು. ಬೆಳಕು ಇಳಿಯುತ್ತಿತ್ತು, ಕವಲು ಎಣಿಸಲು ಆಗಲಿಲ್ಲ. ಕೋವಿ ಕೆಳಗಿಳಿಸಿದೆ. ಇನ್ನೊಂದು ವರ್ಷ ಇಡೀ ಹಿಂಡು ಬೇಲಿ ದಾಟಿ ಖಾಸಗಿ ರಾಂಚ್‌ಗೆ ಹೋಗಿ, ನಮ್ಮ ಕಣ್ಣೆದುರೇ ಮೇಯುತ್ತಾ ನಿಂತಿತು.

ಜೊತೆಗೆ ಬರುವ ಸ್ನೇಹಿತರು ಈಗ ಹೇಳುತ್ತಿದ್ದಾರೆ, ‘ಸಾಕು, ಗೈಡ್ ಹಿಡಿದು ಖಾಸಗಿ ರಾಂಚ್‌ನಲ್ಲಿ ಹೊಡೆಯೋಣ’ ಅಂತ. ಅದಕ್ಕೆ ಸಾವಿರಾರು ಡಾಲರ್ ಬೇಕು. ಮನೆಯಲ್ಲಿ ಕೇಳುವ ಪ್ರಶ್ನೆ ಬೇರೆ: ಒಂದು ವಾರ ರಜೆ ಹಾಕಿ, ಚಳಿಯಲ್ಲಿ ಮಲಗಿ, ಏನೂ ಇಲ್ಲದೆ ಬರುವುದಕ್ಕೆ ಯಾಕೆ ಹೋಗಬೇಕು? ನನಗೆ ಹೋಗುವ ಆಸೆ ಇದ್ದೇ ಇದೆ. ಅನುಭವ ಇದ್ದವರು ಹೇಳಿ, ಇದು ನನಗೆ ಬೇಟೆ ಬರುವುದಿಲ್ಲ ಅನ್ನುವುದರ ಗುರುತಾ? ಗೈಡ್ ಹಿಡಿಯಬೇಕಾ?

ಮೊಂಟಾನಾ_ಮಂಜು

ಅಣ್ಣ, ಮೊದಲು ಲೆಕ್ಕ ನೋಡಿ. ಕೊಲೊರಾಡೊದಲ್ಲಿ ಸುಮಾರು ಮೂರು ಲಕ್ಷದಷ್ಟು ಎಲ್ಕ್‌ಗಳಿವೆ, ಅಮೆರಿಕದ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಆದರೂ ಅಲ್ಲಿ ಎಲ್ಕ್ ಬೇಟೆಗೆ ಹೋದ ಐವರಲ್ಲಿ ಹೆಚ್ಚೆಂದರೆ ಒಬ್ಬರಿಗೆ ಸಿಗುತ್ತದೆ. ಲಾಟರಿ ಇಲ್ಲದೆ ಅಂಗಡಿಯಲ್ಲೇ ಕೊಳ್ಳುವ ಟ್ಯಾಗ್ ಆದರೆ ಇನ್ನೂ ಕಡಿಮೆ, ಬಿಲ್ಲು ಬಾಣದವರಿಗೆ ಅದಕ್ಕಿಂತ ಕಡಿಮೆ. ರಾಜ್ಯದ ವನ್ಯಜೀವಿ ಇಲಾಖೆಯೇ ಪ್ರತಿ ವರ್ಷ ಯೂನಿಟ್‌ವಾರು (ಬೇಟೆಗೆಂದು ವಿಂಗಡಿಸಿದ ಪ್ರದೇಶವಾರು) ಅಂಕಿ ಹಾಕುತ್ತದೆ, ತೆಗೆದು ನೋಡಿ. ಒಬ್ಬ ಮನುಷ್ಯ ವರ್ಷಗಟ್ಟಲೆ ಬರಿಗೈಯಲ್ಲಿ ಬರುವುದು ಆ ಅಂಕಿಯಲ್ಲೇ ಇದೆ.

ಇನ್ನು ಗಾಳಿ. ಬೆಳಗಿನ ಜಾವ ತಣ್ಣನೆ ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ. ನೀವು ಮೇಲೆ ದಿಬ್ಬದಲ್ಲಿ ಕೂತು ಹುಲ್ಲುಗಾವಲು ನೋಡುತ್ತಿದ್ದರೆ ನಿಮ್ಮ ವಾಸನೆ ನೇರ ಹಿಂಡಿನ ಮೂಗಿಗೆ. ಬಿಸಿಲು ಬಿದ್ದು ನೆಲ ಬೆಚ್ಚಗಾದ ಮೇಲೆ ಗಾಳಿ ಮೇಲಕ್ಕೆ ತಿರುಗುತ್ತದೆ, ಮೇಲಿರಬೇಕಾದದ್ದು ಆಗ. ಎಲ್ಕ್ ಕಣ್ಣನ್ನೂ ಕಿವಿಯನ್ನೂ ಒಂದೊಂದು ಸಲ ನಂಬದೆ ನಿಂತು ನೋಡುತ್ತದೆ. ಮೂಗಿಗೆ ವಾಸನೆ ಬಂತೋ, ಮುಗೀತು.

ಹಗಲಲ್ಲಿ ಎಲ್ಕ್‌ಗಾಗಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನ ದಟ್ಟ ಕಾಡು ಹುಡುಕಿ. ರಸ್ತೆಯಿಂದ ಎಷ್ಟು ದೂರ ನಡೆಯುತ್ತೀರಿ?

ಸೋಮವಾರಪೇಟೆ_ಕೊಲೊರಾಡೊ

ಟ್ರೇಲ್‌ಹೆಡ್‌ನಿಂದ, ಅಂದರೆ ಕಾಲುದಾರಿ ಶುರುವಾಗುವಲ್ಲಿಂದ, ಎರಡು ಮೂರು ಮೈಲಿ. ಹತ್ತು ಸಾವಿರ ಅಡಿ ಎತ್ತರ, ಹಿಮ ಬಿದ್ದರೆ ಅದೇ ಜಾಸ್ತಿ. ಅಲ್ಲೂ ಕಿತ್ತಳೆ ಜಾಕೆಟ್ಟಿನವರು ಕಾಣುತ್ತಾರೆ.

ಮೊಂಟಾನಾ_ಮಂಜು

ಕಾಣಲೇಬೇಕು. ರೈಫಲ್ ಸೀಸನ್‌ನಲ್ಲಿ ಮೈಮೇಲೆ 500 ಚದರ ಇಂಚು ಕಿತ್ತಳೆಯೋ ಗುಲಾಬಿಯೋ ಹಾಕಲೇಬೇಕಲ್ಲ. ಅವರನ್ನೇ ಬಳಸಿಕೊಳ್ಳಿ. ಹತ್ತು ಗಂಟೆಗೆ ಎಲ್ಲರೂ ಟೆಂಟಿಗೆ ವಾಪಸ್ ನಡೆಯುತ್ತಾರೆ. ಆ ಓಡಾಟಕ್ಕೆ ಎಲ್ಕ್ ಎಲ್ಲಿಗೆ ಸರಿಯುತ್ತದೆ ಎಂದು ಯೋಚಿಸಿ ಅಲ್ಲಿ ಇಡೀ ಹಗಲು ಕೂರಿ. ನಮ್ಮ ಮಲೆನಾಡಿನಲ್ಲಿ ಹಿಂದೆ ಸೋವಿನವರು ಒಂದು ಕಡೆಯಿಂದ ಎಬ್ಬಿಸಿದರೆ ಕೋವಿಯವರು ಕಂಡಿಯಲ್ಲಿ ಕಾಯುತ್ತಿದ್ದರು. ಇಲ್ಲಿ ಸೋವಿನವರಿಗೆ ತಾವು ಸೋವು ಮಾಡುತ್ತಿದ್ದೇವೆ ಅಂತ ಗೊತ್ತಿಲ್ಲ, ಅಷ್ಟೇ ವ್ಯತ್ಯಾಸ.

ಒರೆಗಾನ್‌ನ ಸ್ಟಾರ್ಕಿ ಕಾಡಿನಲ್ಲಿ 1989ರಿಂದ ಬೇಲಿ ಹಾಕಿ ಎಲ್ಕ್‌ಗಳ ಓಡಾಟ ಅಳೆಯುತ್ತಿದ್ದಾರೆ. ವಾಹನ ಓಡಾಡುವ ರಸ್ತೆಯಿಂದ ಅವು ದೂರ ಸರಿಯುತ್ತವೆ ಎಂಬುದು ಅಲ್ಲಿ ಮತ್ತೆ ಮತ್ತೆ ಕಂಡಿದೆ.

ಟೆಕ್ಸಾಸ್_ಶಿವಮೊಗ್ಗ

ಮಂಜು ಅವರೇ, ಇದೆಲ್ಲ ಸರಿ. ಆದರೆ ವಾರಗಟ್ಟಲೆ ರಜೆ ಯಾರಿಗಿದೆ? ಇವರಿಗೆ ಬೇಕಾದ್ದು ದೂರ ಹೊಡೆಯುವ ಅಭ್ಯಾಸ. ಒಳ್ಳೆ ಸ್ಕೋಪ್, ದೂರ ಅಳೆಯುವ ರೇಂಜ್‌ಫೈಂಡರ್ ಇದ್ದರೆ 600 ಗಜ ಇವತ್ತು ದೊಡ್ಡ ವಿಷಯವೇ ಅಲ್ಲ. ನಾನು ಗುರಿ ಅಭ್ಯಾಸದ ರೇಂಜ್‌ನಲ್ಲಿ ಅದಕ್ಕಿಂತ ದೂರದ ಕಬ್ಬಿಣದ ತಟ್ಟೆಗೆ ಪ್ರತಿ ವಾರ ಹೊಡೆಯುತ್ತೇನೆ. ಕಣಿವೆಯ ಆಚೆ ಬದಿಯಲ್ಲಿ ಎಲ್ಕ್ ಕಂಡರೂ ಕೈಚೆಲ್ಲಿ ಕೂರುವುದು ಯಾಕೆ?

ಮೊಂಟಾನಾ_ಮಂಜು

ತಟ್ಟೆ ಹೆಜ್ಜೆ ಹಾಕುವುದಿಲ್ಲ. 600 ಗಜಕ್ಕೆ ಗುಂಡು ತಲುಪಲು ಮುಕ್ಕಾಲು ಸೆಕೆಂಡಿನಷ್ಟು ಬೇಕು. ಅಷ್ಟರಲ್ಲಿ ಎಲ್ಕ್ ಒಂದು ಹೆಜ್ಜೆ ಮುಂದಿಟ್ಟರೆ ಎದೆಗೆ ಇಟ್ಟ ಗುರಿ ಹೊಟ್ಟೆಗೆ ಹೋಗುತ್ತದೆ. ಕಣಿವೆ ಮಧ್ಯದಲ್ಲಿ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ನಿಂತ ಜಾಗದಲ್ಲಿ ಗೊತ್ತಾಗುವುದಿಲ್ಲ. ಹೊಟ್ಟೆಗೆ ಗುಂಡು ಬಿದ್ದ ಪ್ರಾಣಿ ಗಂಟೆಗಟ್ಟಲೆ ನರಳಿ, ಎಷ್ಟೋ ಸಲ ಸಿಗದೆ, ಎಲ್ಲೋ ಸಾಯುತ್ತದೆ. ಆ ದಿನವೂ ಬರಿಗೈಯಲ್ಲೇ ಮನೆಗೆ ಬರುತ್ತೀರಿ. ಬೆಳಕಿಲ್ಲ ಅಂತ ಕೋವಿ ಇಳಿಸಿದವರಿಗೆ ಇಂಥ ಸಲಹೆ ಬೇಡ. ಅವರು ಮಾಡಿದ್ದೇ ಬೇಟೆ.

ಟೆಕ್ಸಾಸ್_ಶಿವಮೊಗ್ಗ

ಗಾಳಿ ಗೊತ್ತಿಲ್ಲದಾಗ ಹೊಡಿ ಅಂತ ನಾನೂ ಹೇಳುವುದಿಲ್ಲ. ಅಭ್ಯಾಸ ಇದ್ದವನ ದೂರ ಬೇರೆ, ಇಲ್ಲದವನ ದೂರ ಬೇರೆ. ವರ್ಷಕ್ಕೊಮ್ಮೆ ಕೋವಿ ಹೊರ ತೆಗೆಯುವವನು 200 ಗಜದಲ್ಲೂ ಗಾಯ ಮಾಡಬಲ್ಲ, ಅದನ್ನೂ ಹೇಳಿ.

ಮೊಂಟಾನಾ_ಮಂಜು

ಅದು ಒಪ್ಪಿದೆ.

ಮೈಸೂರು_ಹಸಿರು

ಇಷ್ಟೊತ್ತು ಓದುತ್ತಿದ್ದೆ. ನನಗೆ ಅರ್ಥವಾಗದ್ದು ಮೂಲ ಪ್ರಶ್ನೆಯೇ. ಮಾಂಸ ಅಂಗಡಿಯಲ್ಲಿ ಸಿಗುತ್ತದೆ. ಕೈಗೆ ಸಿಗದ ಪ್ರಾಣಿಯನ್ನು ಕೊಲ್ಲಲು ವರ್ಷ ವರ್ಷವೂ ಯಾಕೆ ಹೋಗಬೇಕು? ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂತು, 1991ರ ತಿದ್ದುಪಡಿಯಲ್ಲಿ ಲೈಸೆನ್ಸ್ ಬೇಟೆಯೂ ನಿಂತಿತು. ಇವತ್ತು ಬಂಡೀಪುರ, ನಾಗರಹೊಳೆಯಲ್ಲಿ ಕಡವೆ ರಸ್ತೆ ಬದಿಗೇ ಕಾಣುತ್ತದೆ. ಬೇಟೆ ಇಲ್ಲದೆಯೂ ಕಾಡು ಉಳಿಯುತ್ತದೆ ಅಲ್ವಾ? ನಿಮ್ಮ ಕೊಲೊರಾಡೊದಲ್ಲೇ ಎಸ್ಟೆಸ್ ಪಾರ್ಕ್ ಊರೊಳಗೆ ಸೆಪ್ಟೆಂಬರ್‌ನಲ್ಲಿ ಎಲ್ಕ್ ಓಡಾಡುವುದನ್ನು ಕಣ್ತುಂಬ ನೋಡಿ ಬಂದಿದ್ದೇನೆ. ಅದು ಸಾಲದಾ?

ವ್ಯೋಮಿಂಗ್_ಗೀತಾ

ಹಸಿರು ಅವರೇ, ಎಸ್ಟೆಸ್ ಪಾರ್ಕ್ ಹೆಸರು ಹೇಳಿದ್ದು ಒಳ್ಳೆಯದಾಯಿತು. ಆ ಕಣಿವೆಯಲ್ಲಿ ಎಲ್ಕ್ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಮಾರಾಟಕ್ಕೆಂದು ಲಂಗುಲಗಾಮಿಲ್ಲದೆ ಹೊಡೆದದ್ದೇ ಕಾರಣ. 1913 ಮತ್ತು 1914ರಲ್ಲಿ ಯೆಲ್ಲೊಸ್ಟೋನ್‌ನಿಂದ ತಂದು ಬಿಟ್ಟರು. ನೀವು ನೋಡಿದ್ದು ಆ ಸಂತತಿ. ಆಮೇಲೆ ಬಂದ ಪದ್ಧತಿಯಲ್ಲಿ ಬೇಟೆಗೆ ಮಿತಿ ಇದೆ, ಆ ದುಡ್ಡು ಕಾಡಿಗೇ ಹೋಗುತ್ತದೆ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆ ಪ್ರಕಾರ ರೈಫಲ್, ಗುಂಡುಗಳ ಮೇಲೆ 11% ತೆರಿಗೆ ಇದೆ, ಅದು ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಬರುತ್ತದೆ. ಬರಿಗೈಯಲ್ಲಿ ಬಂದವರ ಲೈಸೆನ್ಸ್ ದುಡ್ಡೂ ಅಲ್ಲಿಗೇ ಹೋಗುತ್ತದೆ.

ಅಂಗಡಿಯ ಮಾಂಸದ ಪ್ರಾಣಿಯೂ ಸತ್ತೇ ಬಂದದ್ದು. ನಾನು ತಿನ್ನುವುದನ್ನು ನಾನೇ ಹೊತ್ತು ತರುವುದು ನನಗೆ ನೇರ ಅನ್ನಿಸುತ್ತದೆ. ನಿಮಗೆ ಅನ್ನಿಸಬೇಕಿಲ್ಲ.

ಮೈಸೂರು_ಹಸಿರು

ದುಡ್ಡಿನ ಮಾತು ಒಪ್ಪುತ್ತೇನೆ ಗೀತಕ್ಕ. ಆದರೆ ದುಡ್ಡು ಬರುತ್ತದೆ ಅನ್ನುವುದು ಕೊಲ್ಲುವುದಕ್ಕೆ ಕಾರಣ ಆಗಬಾರದು. ಅದೇ ತೆರಿಗೆ ಬೈನಾಕ್ಯುಲರ್ ಮೇಲೂ ಟೆಂಟಿನ ಮೇಲೂ ಹಾಕಬಹುದು. ಪ್ರಾಣಿ ಸಂಖ್ಯೆ ಜಾಸ್ತಿಯಾದರೆ ತೋಳ ನೋಡಿಕೊಳ್ಳಲಿ. 2023ರ ಡಿಸೆಂಬರ್‌ನಲ್ಲಿ ಕೊಲೊರಾಡೊದಲ್ಲಿ ಹತ್ತು ತೋಳ ಬಿಟ್ಟರಲ್ಲ, ಜನ ಮತ ಹಾಕಿದ್ದಕ್ಕೇ ಬಿಟ್ಟದ್ದು.

ವ್ಯೋಮಿಂಗ್_ಗೀತಾ

ಬೈನಾಕ್ಯುಲರ್ ತೆರಿಗೆಗೆ ನನ್ನದೂ ಒಂದು ಮತ. ತೋಳ ಬರಲಿ, ನಮ್ಮಲ್ಲಿ ಈಗಾಗಲೇ ಇದೆ. ತೋಳ ಇರುವ ಕಡೆಯೂ ಬೇಟೆ ನಡೆಯುತ್ತಿದೆ.

ಈಗ ಸೋಮವಾರಪೇಟೆಯವರಿಗೆ ನನ್ನ ಮಾತು. ಗಂಡಿನ ಹಿಂದೆ ಬೀಳುವುದು ಬಿಡಿ. ಹೆಣ್ಣು ಎಲ್ಕ್ ಟ್ಯಾಗಿಗೆ ಅರ್ಜಿ ಹಾಕಿ. ಕವಲು ಎಣಿಸುವ ಕೆಲಸವಿಲ್ಲ, ಮಾಂಸ ಮೆತ್ತಗೆ, ಮತ್ತೆ ಹಿಂಡಿನಲ್ಲಿ ಹೆಣ್ಣೇ ಜಾಸ್ತಿ. ನಮ್ಮ ಮನೆಯಲ್ಲಿ ಕೊಂಬು ಗೋಡೆ ಮೇಲಿಲ್ಲ, ಆದರೆ ಚಳಿಗಾಲ ಪೂರ್ತಿ ಸಾರಿಗೆ ಮಾಂಸ ಇರುತ್ತದೆ. ಕೊಬ್ಬು ಕಡಿಮೆ, ಹಾಗಾಗಿ ಸಣ್ಣ ಉರಿಯಲ್ಲಿ ಹೊತ್ತು ಹಿಡಿದು ಬೇಯಿಸಬೇಕು. ಕಾಚಂಪುಳಿ ಹಾಕಿದರೆ ಚೆನ್ನಾಗಿ ಹಿಡಿಯುತ್ತದೆ, ಕೊಡಗಿನವರಿಗೆ ನಾನು ಹೇಳಬೇಕಿಲ್ಲ.

ಸುಲಭ ಅಂತ ಮಾತ್ರ ತಿಳಿಯಬೇಡಿ. ಕೆನಡಾದ ಆಲ್ಬರ್ಟಾ ಕಡೆ ಹೆಣ್ಣು ಎಲ್ಕ್‌ಗಳಿಗೆ ಜಿಪಿಎಸ್ ಕಾಲರ್ ಹಾಕಿ ಮಾಡಿದ ಅಧ್ಯಯನ 2017ರಲ್ಲಿ ಬಂತು. ವಯಸ್ಸಾದಂತೆ ಅವು ಓಡಾಟ ಕಡಿಮೆ ಮಾಡುತ್ತವೆ, ರಸ್ತೆ ಹತ್ತಿರ ಬಂದಾಗ ದಟ್ಟ ಕಾಡು, ಕಡಿದಾದ ಜಾಗ ಹಿಡಿಯುತ್ತವೆ. ಬಿಲ್ಲಿನ ಸೀಸನ್‌ಗೆ ಒಂದು ನಡೆ, ರೈಫಲ್ ಸೀಸನ್‌ಗೆ ಇನ್ನೊಂದು. ಒಂಬತ್ತು ಹತ್ತು ವರ್ಷ ದಾಟಿದ ಹೆಣ್ಣು ಬೇಟೆಗಾರರ ಕೈಗೆ ಸಿಗುವುದೇ ಇಲ್ಲ ಅನ್ನುವಷ್ಟು ಜಾಣತನ. ನೀವು ಬರಿಗೈಯಲ್ಲಿ ಬರುತ್ತಿದ್ದರೆ ಆ ಕಡೆ ಒಬ್ಬಳು ಪಾಠ ಕಲಿತಿರುತ್ತಾಳೆ.

ಹೊಸಬ_ಡೆನ್ವರ್

ಮಧ್ಯೆ ಒಂದು ಪ್ರಶ್ನೆ, ಬೇಸರ ಮಾಡಬೇಡಿ. ನಾನು ಎಚ್‌-1ಬಿ ವೀಸಾದಲ್ಲಿ ಇದ್ದೇನೆ. ನಮ್ಮಂಥವರು ಹೋಗಬಹುದಾ?

ಫೋರ್ಟ್‌ಕಾಲಿನ್ಸ್_ರಘು

ಹುಷಾರಾಗಿ. ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳಬಾರದು ಅನ್ನುವುದು ಫೆಡರಲ್ ಕಾನೂನು. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ ಇದೆ. ಆದರೂ ವೀಸಾ ವಿಷಯ, ಸ್ನೇಹಿತನ ಕೋವಿ ಮುಟ್ಟುವ ಮೊದಲು ವಕೀಲರನ್ನು ಕೇಳಿ. ಬಿಲ್ಲು ಬಾಣಕ್ಕೆ ಈ ಕಾನೂನು ಬರುವುದಿಲ್ಲ. ಯಾವುದೇ ಆಗಲಿ, 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಲೇಬೇಕು. ಈಗಲೇ ಮುಗಿಸಿಕೊಳ್ಳಿ, ಬೇಟೆಗೆ ಹೋಗದಿದ್ದರೂ ನಷ್ಟವಿಲ್ಲ.

ಮೂಲ ವಿಷಯಕ್ಕೆ ಬರುತ್ತೇನೆ. ಇಲ್ಲಿ ಯಾರೂ ಹೇಳದ ಮಾತೊಂದಿದೆ. ಐವರಲ್ಲಿ ನಾಲ್ವರು ಬರಿಗೈಯಲ್ಲಿ ಬರುತ್ತಾರೆ, ಅದಕ್ಕೇ ಐವರಿಗೂ ಟ್ಯಾಗ್ ಸಿಗುತ್ತಿದೆ. ಎಲ್ಲರೂ ಹೊಡೆದು ತರುವಂತಾದರೆ ಇಲಾಖೆ ಮರುವರ್ಷವೇ ಟ್ಯಾಗ್ ಕಡಿಮೆ ಮಾಡಬೇಕಾಗುತ್ತದೆ. ಗೆಲ್ಲುವುದು ಜಾಸ್ತಿ ಇರುವ ಯೂನಿಟ್‌ಗಳನ್ನೇ ನೋಡಿ. ವಾಯವ್ಯ ಮೂಲೆಯ 2, 10, 201 ಯೂನಿಟ್‌ಗಳಲ್ಲಿ ದೊಡ್ಡ ಗಂಡುಗಳಿವೆ. ಅಲ್ಲಿ ಒಂದು ಬುಲ್ (ಗಂಡು) ಟ್ಯಾಗ್ ಬೇಕೆಂದರೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಪ್ರಿಫರೆನ್ಸ್ ಪಾಯಿಂಟ್ (ಟ್ಯಾಗ್ ಲಾಟರಿಯಲ್ಲಿ ಆದ್ಯತೆ ಕೊಡುವ ಅಂಕ) ಕೂಡಿಸಬೇಕು. 2022–23ರ ಚಳಿಗಾಲದಲ್ಲಿ ಆ ಭಾಗದಲ್ಲಿ ಎಲ್ಕ್ ತುಂಬಾ ಸತ್ತವು, ಟ್ಯಾಗ್‌ಗಳನ್ನೂ ಕಡಿತ ಮಾಡಿದರು. 2025ರಿಂದ ಹೊರರಾಜ್ಯದ ಬಿಲ್ಲುಗಾರರಿಗೆ ಪಶ್ಚಿಮ ಭಾಗದಲ್ಲಿ ಅಂಗಡಿಯ ಎಲ್ಕ್ ಟ್ಯಾಗ್ ನಿಂತಿತು, ಅವರು ಲಾಟರಿಗೆ ಹಾಕಬೇಕು. ಜನ ಜಾಸ್ತಿಯಾದರು ಎಂಬುದೇ ಕಾರಣ.

ಅಂದರೆ ಪ್ರತಿ ಅಕ್ಟೋಬರ್‌ನಲ್ಲಿ ನಾವು ಕಾಡಿಗೆ ಹೋಗುವ ಹಕ್ಕು ಉಳಿದಿರುವುದೇ ನಮಗೆ ಸುಲಭವಾಗಿ ಸಿಗದ್ದರಿಂದ. ಅದನ್ನು ದುಡ್ಡಿನಿಂದ ಸರಿಮಾಡಲು ಹೊರಟರೆ ಕೊನೆಗೆ ಬೇಟೆ ರಾಂಚ್ ಮಾಲೀಕರದ್ದೂ ದುಡ್ಡಿದ್ದವರದ್ದೂ ಆಗುತ್ತದೆ. ಸರ್ಕಾರಿ ಕಾಡು ಎಲ್ಲರದ್ದು, ಅಮೆರಿಕಕ್ಕೆ ನಿನ್ನೆ ಬಂದು ನೆಲೆಸಿದವರದ್ದೂ ಹೌದು. ನಾನು ಇದನ್ನು ತುಂಬಾ ಬೆಲೆಯುಳ್ಳದ್ದು ಅಂದುಕೊಂಡಿದ್ದೇನೆ.

ಟೆಕ್ಸಾಸ್_ಶಿವಮೊಗ್ಗ

ರಘು ಸರ್, ಟೆಕ್ಸಾಸ್‌ನಲ್ಲಿ ಹೆಚ್ಚುಕಡಿಮೆ ಎಲ್ಲ ನೆಲವೂ ಖಾಸಗಿ. ದುಡ್ಡು ಕೊಡದೆ ಇಲ್ಲಿ ಬೇಟೆಯೇ ಇಲ್ಲ. ಹಾಗಂತ ಇಲ್ಲಿಯವರು ಬೇಟೆಗಾರರಲ್ಲ ಅನ್ನೋಕಾಗುತ್ತದಾ? ಗೈಡ್‌ಗಳಲ್ಲೂ ಆ ಬೆಟ್ಟದಲ್ಲೇ ಹುಟ್ಟಿ ಬೆಳೆದವರಿದ್ದಾರೆ. ಒಂದು ವಾರ ಅವರ ಜೊತೆ ನಡೆದರೆ ಹತ್ತು ವರ್ಷದಲ್ಲಿ ಕಲಿಯುವುದನ್ನು ಕಲಿಯಬಹುದು.

ಫೋರ್ಟ್‌ಕಾಲಿನ್ಸ್_ರಘು

ಕಲಿಯಲು ಹೋಗುವುದಾದರೆ ನನ್ನ ವಿರೋಧವಿಲ್ಲ. ಸರ್ಕಾರಿ ಕಾಡಿನಲ್ಲೇ ಕರೆದೊಯ್ಯುವ ಗೈಡ್‌ಗಳೂ ಇದ್ದಾರೆ, ಅವರ ಜೊತೆ ಹೋಗಲಿ. ಬೇಲಿಯೊಳಗೆ ಎಲ್ಕ್ ನಿಂತಿರುತ್ತದೆ, ಚೆಕ್ ಬರೆದರೆ ಸಾಕು ಅನ್ನುವುದಕ್ಕೆ ನನ್ನ ವಿರೋಧ.

ಮೈಸೂರು_ಹಸಿರು

ರಘು ಅವರ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಬೇಟೆಯನ್ನು ನಾನು ಈಗಲೂ ಒಪ್ಪುವುದಿಲ್ಲ. ಆದರೆ ಕಾಡು ದುಡ್ಡಿದ್ದವರ ಪಾಲಾಗಬಾರದು ಅನ್ನುವುದರಲ್ಲಿ ನಾವು ಒಂದೇ ಕಡೆ ಇದ್ದೇವೆ. ಇಲ್ಲಿ ಸಫಾರಿ ಮತ್ತು ರೆಸಾರ್ಟ್ ದರ ನೋಡಿದರೆ ಆ ಭಯ ನನಗೂ ಇದೆ.

ಸೋಮವಾರಪೇಟೆ_ಕೊಲೊರಾಡೊ

ಎಲ್ಲರಿಗೂ ಧನ್ಯವಾದ. ರಾಂಚ್ ಬೇಡ ಎಂದು ಸ್ನೇಹಿತರಿಗೆ ಹೇಳುತ್ತೇನೆ. ಅವರು ಹೋದರೆ ಹೋಗಲಿ. ಗೀತಕ್ಕ, ಏಪ್ರಿಲ್ ಮೊದಲ ವಾರದೊಳಗೆ ಲಾಟರಿಗೆ ಹೆಣ್ಣು ಟ್ಯಾಗ್ ಅರ್ಜಿ ಹಾಕುತ್ತೇನೆ. ಮಂಜು, ಹಗಲು ಪೂರ್ತಿ ಕೂರುವುದಕ್ಕೆ ಉತ್ತರದ ಇಳಿಜಾರಿನಲ್ಲಿ ಎರಡು ಜಾಗ ಮನಸ್ಸಿನಲ್ಲಿದೆ, ಹಿಕ್ಕೆಯೂ ಜಾಡೂ ಕಂಡ ಜಾಗಗಳು. ಜುಲೈನಲ್ಲಿ ಹೋಗಿ ನಡೆದು ನೋಡುತ್ತೇನೆ. ಯೂನಿಟ್ ನಂಬರ್, ಕಣಿವೆಯ ಹೆಸರು ಹೇಳಲಾ?

ಮೊಂಟಾನಾ_ಮಂಜು

ಇಲ್ಲಿ ಬರೆಯಬೇಡಿ ಮಾರಾಯ್ರೇ! ನನಗೆ ಬೇರೆಯಾಗಿ ಮೆಸೇಜ್ ಮಾಡಿ. ಮ್ಯಾಪ್ ಇಟ್ಟುಕೊಂಡು ಶನಿವಾರ ಮಾತಾಡೋಣ.